ಕಿರೀಟದ ಮುಚ್ಚಳದ ಸೀಸೆ

ಎರ್ಮೆಲಿಂದಾ ಓವೆಲಾರ್ ಬಿಷಪ್ಪರ ಕೈಯನ್ನೇ ಎರಡು ಸಲ ತೊಳೆಸಿದ ಹೆಂಗಸು. ಪರಾಗ್ವೆ ನದಿಯ ದಂಡೆಯ ಆ ಊರಿನಲ್ಲಿ ಈಗಲೂ ಆಕೆಯ ಗುರುತು ಹೇಳುವುದು ಹೀಗೆಯೇ. ಅಲ್ಲಿನ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ, ಉಸಿರು ಕಟ್ಟಿ ಹುಟ್ಟಿದ ಎಳೆಗೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ತೀವ್ರ ನಿಗಾ ವಾರ್ಡೊಂದಿದೆ. ಅದನ್ನು ಆಶೀರ್ವದಿಸಲು ಬಂದ ಬಿಷಪ್ಪರನ್ನು ಆಕೆ ಬಾಗಿಲಲ್ಲೇ ಅಡ್ಡಹಾಕಿದಳು. ಉಂಗುರ ಬಿಚ್ಚಿಸಿ ಸ್ಪಿರಿಟ್ಟಿನ ಬಟ್ಟಲಿಗೆ ಹಾಕಿದಳು. ತೋಳು ಮಡಿಸಿ ಮೊಣಕೈವರೆಗೆ ಸೋಪು ಹಚ್ಚಿಸಿದಳು. "ಉಗುರಿನ ಸಂದಿ ಬಿಟ್ರಿ ಸ್ವಾಮಿ, ಇನ್ನೊಂದ್ಸಲ" ಎಂದಳು. ಬಿಷಪ್ಪರು ಕಹಿ ಔಷಧಿ ಕುಡಿದವರ ಮುಖ ಮಾಡಿಕೊಂಡು ಇನ್ನೊಂದು ಸಲ ತೊಳೆದರು.

ಈಗ ಆಕೆಗೆ ಕೆಲಸದಿಂದ ನಿವೃತ್ತಿಯಾಗಿದೆ. ಆದರೂ ನರ್ಸಿಂಗ್ ಕಲಿಯುವ ಹುಡುಗಿಯರ ಹೊಸ ತಂಡ ಬಂದಾಗಲೆಲ್ಲ ಆಸ್ಪತ್ರೆಯವರು ಆಕೆಯನ್ನು ಕರೆಸುತ್ತಾರೆ. ಆಕೆ ಬಿಷಪ್ಪರ ಕಥೆಯಿಂದಲೇ ಶುರುಮಾಡುತ್ತಾಳೆ. ಹುಡುಗಿಯರು ನಕ್ಕು ಮುಗಿಸುವ ತನಕ ಕಾಯುತ್ತಾಳೆ.

"ನಗ್ರಮ್ಮ, ಚೆನ್ನಾಗಿ ನಗ್ರಿ. ಆವತ್ತು ಇಡೀ ಆಸ್ಪತ್ರೇಲಿ ಎಲ್ಲಕ್ಕಿಂತ ಕೊಳಕು ಸಾಮಾನು ಎಲ್ಲಿತ್ತು ಗೊತ್ತಾ? ಈ ಮಹಾತಾಯಿಯ ಏಪ್ರನ್ ಜೇಬಲ್ಲಿ. ಬಿಷಪ್ಪರ ಉಂಗುರಾನ ಸ್ಪಿರಿಟ್ಟಲ್ಲಿ ಅದ್ದಿದ ಕತ್ತೆ, ತನ್ನ ಜೇಬು ಮಾತ್ರ ನೋಡ್ಕೊಳ್ಲಿಲ್ಲ."

ಆಕೆ ನರ್ಸಾಗಿ ಬಂದವಳೇ ಅಲ್ಲ. ಬಂದದ್ದು ಆಸ್ಪತ್ರೆಯ ಬಟ್ಟೆ ಒಗೆಯುವುದಕ್ಕೆ. ಗಂಡ ಕಟ್ಟಡ ಕೆಲಸಕ್ಕೆಂದು ನದಿ ದಾಟಿ ಅರ್ಜೆಂಟೀನಾಕ್ಕೆ ಹೋದ. ಮೊದಮೊದಲು ಪತ್ರ ಬರುತ್ತಿತ್ತು, ಆಮೇಲೆ ಪತ್ರವೂ ಇಲ್ಲ, ಪತ್ತೆಯೂ ಇಲ್ಲ. ಮಕ್ಕಳಾಗಿರಲಿಲ್ಲ. "ನನ್ನ ಮುಖ ನೋಡಿ ಓಡಿಹೋದ ಅಂತಾರೆ ಜನ. ಶುದ್ಧ ಸುಳ್ಳು. ನನ್ನ ಬಾಯಿ ಕೇಳಿ ಓಡಿಹೋದ" ಎಂದು ಆಕೆಯೇ ಹೇಳುತ್ತಾಳೆ. ಒಗೆಯುವ ಕಟ್ಟೆಯಲ್ಲಿ ಹನ್ನೊಂದು ವರ್ಷ ಕಳೆದಮೇಲೆ ಆರು ತಿಂಗಳ ತರಬೇತಿ ಮುಗಿಸಿ ಸಹಾಯಕ ನರ್ಸಾಗಿ ಎಳೆಗೂಸುಗಳ ವಾರ್ಡಿಗೆ ಬಂದಳು. ಕೊಳೆಯ ಮೇಲಿನ ಹಗೆಯನ್ನೂ ಜೊತೆಗೆ ತಂದಳು. ಡಾಕ್ಟರುಗಳ ಗಡಿಯಾರ ಬಿಚ್ಚಿಸಿದಳು, ತಾಯಂದಿರ ಉಗುರು ಕತ್ತರಿಸಿದಳು. ಆ ಕಡೆ ವಯಸ್ಸಾದ ಹೆಂಗಸರನ್ನು ಮರ್ಯಾದೆಯಿಂದ 'ನ್ಯಾ' ಎಂದು ಕರೆಯುತ್ತಾರೆ. ವಾರ್ಡಿನವರು ಆಕೆಗೆ 'ನ್ಯಾ ಸೋಪು' ಎಂದು ಹೆಸರಿಟ್ಟರು. ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎಂದು ಬೇರೆಯವರು ಲೆಕ್ಕ ಹಾಕುತ್ತಿದ್ದರು. ಆಕೆ ಮಾತ್ರ ಪೂರಾ ಹೊಗಳಿಕೆ ಎಂದೇ ಜಮಾ ಮಾಡಿಕೊಂಡಳು.

ಇನ್ನು ಜೇಬಿನ ವಿಷಯ. ಜ್ಞಾನಸ್ನಾನದ ನೀರು ತಲೆಗೆ ಬೀಳದೆ ಕೂಸು ಸತ್ತರೆ ಅದು ದೇವರ ಹತ್ತಿರ ಹೋಗುವುದಿಲ್ಲ, ನೀರು ಬಿದ್ದ ಕೂಸಾದರೆ ನೇರ ಪುಟ್ಟ ದೇವದೂತನಾಗುತ್ತದೆ ಎಂದು ಅಲ್ಲಿನ ತಾಯಂದಿರು ನಂಬುತ್ತಾರೆ. ಸಾವು ಹತ್ತಿರ ಬಂದಾಗ ಪಾದ್ರಿಯೇ ಬೇಕೆಂದಿಲ್ಲ. ಯಾರು ಬೇಕಾದರೂ ಹೆಸರು ಹೇಳಿ ನೆತ್ತಿಗೆ ಮೂರು ಸಲ ನೀರು ಹಾಕಬಹುದು. ಎರ್ಮೆಲಿಂದಾ ವಾರ್ಡಿಗೆ ಬಂದ ಮೊದಲ ತಿಂಗಳಲ್ಲೇ ಒಂದು ಕೂಸು ನೀಲಿಗಟ್ಟಿತು, ತಾಯಿ ಕಿರುಚಿದಳು, ಪಕ್ಕದಲ್ಲಿ ನಿಂತಿದ್ದವಳು ಈಕೆ. ಲೋಟದ ನೀರು ತೆಗೆದುಕೊಂಡು ಹಾಕಿದಳು. ಕೂಸು ಹೋಯಿತು. ಆ ತಾಯಿ ಅಳುತ್ತಲೇ ಈಕೆಯನ್ನು ತಬ್ಬಿಕೊಂಡು "ಕೊಮಾದ್ರೆ" ಎಂದಳು. ಅದು ಹೆತ್ತಮ್ಮನಿಗೂ, ಕೂಸಿಗೆ ನೀರು ಹಾಕಿದ ಧರ್ಮತಾಯಿಗೂ ನಡುವೆ ಬೀಳುವ ನಂಟು. ಒಡಹುಟ್ಟಿದವರು ಮುನಿಸಿಕೊಂಡು ಮಾತು ಬಿಡಬಹುದು, ಕೋರ್ಟಿಗೂ ಹೋಗಬಹುದು. ಕೊಮಾದ್ರೆಗಳು ಜಗಳವಾಡುವ ಹಾಗಿಲ್ಲ.

ಮಕ್ಕಳಿಲ್ಲದ ಎರ್ಮೆಲಿಂದಾ ಆವತ್ತು ಮನೆಗೆ ಹೋಗಿ ಒಂದು ನೋಟ್‌ಬುಕ್ ತೆಗೆದಳು. ಕೂಸಿನ ಹೆಸರು, ನೀರು ಹಾಕಿದ ತಾರೀಖು. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಸ್ಮಶಾನಕ್ಕೆ ಹೋಗಿ ಹೋದ ಕೂಸುಗಳ ಹೆಸರುಗಳನ್ನೆಲ್ಲ ಓದಿ ಪ್ರಾರ್ಥನೆ ಮಾಡುತ್ತಿದ್ದಳು. ಹದಿನಾರು ವರ್ಷದಲ್ಲಿ ನೂರಾ ನಲವತ್ತು ಹೆಸರಾಯಿತು. ಅದರಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ಬದುಕಿದ್ದವು. "ಈ ಊರಲ್ಲಿ ನನ್ನಷ್ಟು ದೊಡ್ಡ ಸಂಸಾರ ಇನ್ಯಾರಿಗಿದೆ?" ಎಂದು ತಮಾಷೆ ಮಾಡುತ್ತಿದ್ದಳು. ತಮಾಷೆ ಹೌದು, ಆದರೆ ಒಳಗೊಳಗೆ ಹೆಮ್ಮೆಯಿಂದ ಉಬ್ಬಿದ್ದಳು.

ಲೋಟದ ನೀರಿನಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಯಾವ ಶುದ್ಧ ನೀರಾದರೂ ನಡೆಯುತ್ತದೆ ಎಂದು ಪಾದ್ರಿ ಬಿಡಿಸಿ ಹೇಳಿದ್ದರು. ಆದರೆ ಎರ್ಮೆಲಿಂದಾ ಓವೆಲಾರಳ ಧರ್ಮಮಕ್ಕಳಿಗೆ ಯಾವುದೋ ನೀರೇ? ಡಿಸೆಂಬರಿನ ಯಾತ್ರೆಗೆ ಹೋದಾಗ ಮಾತೆ ಮರಿಯಳ ಆಕಾರದ ಪ್ಲಾಸ್ಟಿಕ್ ಸೀಸೆಯೊಂದನ್ನು ತಂದಳು. ಬಿಳಿ ಮೈ, ನೀಲಿ ಕಿರೀಟ. ಕಿರೀಟವನ್ನು ತಿರುಗಿಸಿದರೆ ಅದೇ ಮುಚ್ಚಳ. ಅದರ ತುಂಬ ಮಂತ್ರಿಸಿದ ನೀರು. ನೀರು ತಳ ಕಂಡಾಗ ನಲ್ಲಿಯಿಂದ ಸ್ವಲ್ಪ ಬೆರೆಸುತ್ತಿದ್ದಳು. ಪವಿತ್ರ ನೀರು ಒಂದಿಷ್ಟು ಉಳಿದಿದ್ದರೆ ಸಾಕು, ಬೆರೆತ ನೀರೆಲ್ಲ ಪವಿತ್ರವಾಗುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಪವಿತ್ರವಾದದ್ದನ್ನು ಚೆಲ್ಲುವ ಹಾಗಿಲ್ಲವಾದ್ದರಿಂದ ಸೀಸೆ ಒಂದು ದಿನವೂ ಪೂರ್ತಿ ಖಾಲಿಯಾಗಲಿಲ್ಲ. ಖಾಲಿಯಾಗದ್ದನ್ನು ತೊಳೆಯುವುದು ಹೇಗೆ? ಆರು ವರ್ಷ ಹಾಗೇ ನಡೆಯಿತು. ಆ ಊರಿನ ಸೆಕೆಯಲ್ಲಿ, ಏಪ್ರನ್ ಜೇಬಿನ ಮೈಕಾವಿನಲ್ಲಿ, ಮಾತೆ ಬೆಚ್ಚಗೆ ಇದ್ದಳು.

ಅಲ್ಲಿಯವರೆಗೂ ಸಾಯುವ ಹಾದಿ ಹಿಡಿದ ಕೂಸಿಗಷ್ಟೇ ನೀರು ಹಾಕುತ್ತಿದ್ದಳು. ಒಂದು ಏಪ್ರಿಲ್ ಮಧ್ಯಾಹ್ನ ಆ ಕ್ರಮವೂ ತಪ್ಪಿತು. ಊಟದ ನಂತರ ಊರೆಲ್ಲ ತೂಕಡಿಸುವ ಹೊತ್ತು. ಎರ್ಮೆಲಿಂದಾ ಹಿಂದಿನ ಕೋಣೆಯಲ್ಲಿ ಕಾಲು ಚಾಚಿ, ಚೀಸಿನ ಚಿಪಾ ರೊಟ್ಟಿ ತಿನ್ನುತ್ತ, ಮಂಜುಗಡ್ಡೆ ಹಾಕಿದ ತೆರೆರೆ ಎಂಬ ಎಲೆಕಷಾಯ ಹೀರುತ್ತ, ಔಷಧದ ಎಲೆಗೆ ಪುದೀನ ಹೆಚ್ಚಾಯಿತು ಎಂದು ಜೊತೆಯವಳ ಹತ್ತಿರ ವಾದಕ್ಕಿಳಿದಿದ್ದಳು. ಆರನೇ ಪೆಟ್ಟಿಗೆಯ ಕೂಸು ಅಷ್ಟರಲ್ಲಿ ಹೋಗಿಬಿಟ್ಟಿತು. ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದವಳ ಎದೆಯ ಮೇಲೆ ಚಿಪಾದ ಪುಡಿ ಇತ್ತು. ಆ ತಾಯಿ ಪುಡಿಯನ್ನು ನೋಡಿದಳು, ಈಕೆಯ ಮುಖ ನೋಡಿದಳು. "ನೀರಿಲ್ದೆ ಹೋಯ್ತಲ್ಲ ನನ್ನ ಮಗು. ನೀವು ತಿಂತಾ ಇದ್ರಾ?" ಎಂದಳು, ಅಷ್ಟೇ.

ಅವಮಾನವೂ ಪಾಪಭಯವೂ ಸೇರಿ ಎರ್ಮೆಲಿಂದಾ ಹೊಸ ಪದ್ಧತಿ ಹೂಡಿದಳು. ಕೂಸು ಪೆಟ್ಟಿಗೆಗೆ ಬಂದ ಮೊದಲ ದಿನವೇ ನೀರು. ದೂರದ ಬಸ್ಸಿಗೆ ಮೊದಲೇ ಸೀಟು ಕಾದಿರಿಸಿದ ಹಾಗೆ. ಹೋದರೆ ಹೋಯಿತು, ಉಳಿದರೆ ಉಳಿಯಿತು, ಸೀಟಂತೂ ಭದ್ರ. ತಾಯಂದಿರಿಗೂ ಸಮಾಧಾನ. ಹೆಸರು ಕೇಳುವುದು, ನೆತ್ತಿಗೆ ಮೂರು ಸಲ ಹನಿಸುವುದು, ತುಟಿಗೊಂದು ಹನಿ ಸವರುವುದು, ನೋಟ್‌ಬುಕ್ಕಿಗೆ ಬರೆಯುವುದು. ಅಷ್ಟು ಪುಟ್ಟ ಕೂಸುಗಳಿಗೆ ಕೈಯಲ್ಲಿ ನರ ಸಿಗದೆ ಡ್ರಿಪ್ಪಿನ ಸೂಜಿಯನ್ನು ಅನೇಕ ಸಲ ನೆತ್ತಿಯ ಪಕ್ಕದಲ್ಲೇ ಚುಚ್ಚಿರುತ್ತಾರೆ. ಅದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಆ ಸೂಜಿಯ ಪಟ್ಟಿ ಒದ್ದೆಯಾದರೆ ಬೇರೆ ನರ್ಸುಗಳನ್ನು ಹಿಡಿದು ಜಾಡಿಸುತ್ತಿದ್ದವಳು ಆಕೆಯೇ.

ಆ ವರ್ಷ ಡಾಕ್ಟರ್ ಸಮಾನಿಯೇಗೊ ಎಂಬ ಹುಡುಗಿಯಂಥ ಡಾಕ್ಟರಮ್ಮ ವಾರ್ಡಿಗೆ ಬಂದರು. ಕೂಸು ಸತ್ತರೆ 'ದೇವರ ಇಚ್ಛೆ' ಎಂದು ಬಿಡುವವರಲ್ಲ. ಬರೆಯುವ ಮೇಜಿನ ಎದುರು ಗೋಡೆಗೆ ದೊಡ್ಡ ಹಾಳೆ ಅಂಟಿಸಿದರು. ಸತ್ತ ಕೂಸಿನ ಹೆಸರು, ಕಾಯಿಲೆ ಶುರುವಾದ ದಿನ, ಸತ್ತ ಕಾರಣ. ದಿನ ತುಂಬಿರಲಿಲ್ಲ, ಶ್ವಾಸಕೋಶ ಬಲಿತಿರಲಿಲ್ಲ. ಹೆರಿಗೆಯಲ್ಲಿ ಉಸಿರು ಕಟ್ಟಿತು. ಹೃದಯದಲ್ಲಿ ರಂಧ್ರ. ಇವೆಲ್ಲ ಪ್ರತಿ ವರ್ಷವೂ ಇದ್ದ ಕಾರಣಗಳೇ. ಆದರೆ ಮೇ ತಿಂಗಳಿಂದ ಈಚೆಗೆ ಒಂದೇ ಕಾರಣ ಮತ್ತೆ ಮತ್ತೆ ಬರತೊಡಗಿತು: ರಕ್ತದಲ್ಲಿ ನಂಜು. ಅದೂ ಚೇತರಿಸಿಕೊಳ್ಳುತ್ತಿದ್ದ ಕೂಸುಗಳಿಗೆ, ವಾರ್ಡಿಗೆ ಬಂದ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ.

ಡಾಕ್ಟರಮ್ಮ ನಲ್ಲಿ, ತೊಟ್ಟಿ, ಹಾಲಿನ ಸೀಸೆ, ಆಕ್ಸಿಜನ್ನಿನ ನೀರಿನ ಡಬ್ಬಿ ಎಲ್ಲದರ ಮೇಲೂ ಹತ್ತಿಕಡ್ಡಿ ಒರೆಸಿ ಲ್ಯಾಬಿಗೆ ಕಳಿಸಿದರು. ಜೊತೆಯಲ್ಲಿ ಓಡಾಡಿ ಮೂಲೆ ಮೂಲೆ ತೋರಿಸಿದವಳು ನಮ್ಮ ಎರ್ಮೆಲಿಂದಾ. "ಇಲ್ಲಿ ನೋಡಿ ಡಾಕ್ಟ್ರೇ, ಕಸ ಗುಡಿಸೋಳ ಒರೆಸೋ ಬಟ್ಟೆ. ಅದು ಬಟ್ಟೆ ಅಲ್ಲ, ಹಂದಿಗೂಡು" ಎಂದು ಬಗ್ಗಿ ಬಗ್ಗಿ ತೋರಿಸುವಾಗ ಜೇಬಿನ ಸೀಸೆ ತೊಡೆಗೆ ತಾಗುತ್ತಿತ್ತು. ಎಲ್ಲರ ಕೈಯನ್ನೂ ಪರೀಕ್ಷೆ ಮಾಡಿದಾಗ ಆಕೆಯ ಕೈ ಎಲ್ಲರದಕ್ಕಿಂತ ಚೊಕ್ಕಟವೆಂದು ಬಂತು. ಆ ಲ್ಯಾಬಿನ ಚೀಟಿಯನ್ನು ಆಕೆ ಮನೆಯ ಗೋಡೆಗೆ ಸಂತರ ಪಟದ ಪಕ್ಕ ಅಂಟಿಸಿದಳು. "ಹುಚ್ಚುತನಕ್ಕೂ ಸರ್ಟಿಫಿಕೇಟ್ ಇತ್ತು ನನ್ ಹತ್ರ" ಎಂದು ಈಗ ಹೇಳುತ್ತಾಳೆ.

ಯಾವುದರಲ್ಲೂ ಆ ನಂಜಿನ ಜೀವಾಣು ಸಿಗದಿದ್ದಾಗ ಎರ್ಮೆಲಿಂದಾ ತನ್ನ ತೀರ್ಪು ಕೊಟ್ಟಳು: ತಪ್ಪು ತಾಯಂದಿರದು. ಹಳ್ಳಿಯಿಂದ ಬರುತ್ತಾರೆ, ಕೋಳಿ ಮುಟ್ಟಿ ಬರುತ್ತಾರೆ, ಕೂಸನ್ನು ಎದೆಗೆ ಅಪ್ಪಿಕೊಳ್ಳುತ್ತಾರೆ.

ಅಕ್ಟೋಬರಿನ ಒಂದು ಮಂಗಳವಾರ ಬ್ಲಾಸಿಯಾ ಬಂದಳು. ಇಪ್ಪತ್ತೆರಡು ವರ್ಷ, ದೂರದ ಹಳ್ಳಿ. ಏಳನೇ ತಿಂಗಳಲ್ಲೇ ಹೆರಿಗೆಯಾಗಿ ಅವಳಿ ಹೆಣ್ಣುಕೂಸು. ದೊಡ್ಡದು ಒಂದು ಕಿಲೋ ಮುನ್ನೂರು ಗ್ರಾಂ, ಚೆನ್ನಾಗಿ ಕೈಕಾಲು ಆಡಿಸುತ್ತಿತ್ತು. ಚಿಕ್ಕದು ಒಂಬೈನೂರು ಗ್ರಾಂ. ಅದರ ಮೇಲೆ ಯಾರಿಗೂ ಆಸೆ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಬಾಗಿಲಿಗೆ ಬಂದ ಬ್ಲಾಸಿಯಾಳ ಉಗುರಿಗೆ ಕೆಂಪು ಬಣ್ಣವಿತ್ತು. ಎರ್ಮೆಲಿಂದಾ ಸ್ಪಿರಿಟ್ಟು ಹತ್ತಿ ಹಿಡಿದು ಕೂತೇಬಿಟ್ಟಳು.

"ಹೆರೋಕೆ ಬಂದ್ಯೋ, ಮದುವೆ ಮನೆಗೆ ಬಂದ್ಯೋ ತಾಯಿ?"

"ಎಂಟನೇ ತಿಂಗಳಲ್ಲಿ ಅಳಿಸ್ಕೊಳ್ಳೋಣ ಅಂತಿದ್ದೆ ನ್ಯಾ. ಇವ್ರಿಬ್ರೂ ಏಳರಲ್ಲೇ ಬಂದ್ರೆ ನಾನೇನ್ ಮಾಡ್ಲಿ? ಕರೆದು ಕೇಳಿದ್ರಾ ನನ್ನ?"

"ಬಾಯಿ ಜೋರಿದೆ ನಿಂದು."

"ನಿಮ್ಮಷ್ಟಿಲ್ಲ ಬಿಡಿ. ಊರ ಬಸ್ಸಲ್ಲೇ ಹೇಳಿದ್ರು, ಸೋಪಿನಜ್ಜಿ ಇದ್ದಾಳೆ, ಚರ್ಮ ಸುಲೀತಾಳೆ ಅಂತ."

ಎರ್ಮೆಲಿಂದಾಗೆ ಹುಡುಗಿ ಹಿಡಿಸಿಬಿಟ್ಟಳು. ಉಜ್ಜುತ್ತಲೇ ಹೆಸರು ಕೇಳಿದಳು. ಅವಳಿ ಎಂದು ಗೊತ್ತಾದದ್ದೇ ಹೆರಿಗೆಯ ಹೊತ್ತಿಗೆ, ಆದ್ದರಿಂದ ಬ್ಲಾಸಿಯಾ ಇಟ್ಟುಕೊಂಡು ಬಂದದ್ದು ಒಂದೇ ಹೆಸರು. "ದೊಡ್ಡವಳು ಸೆಲ್ವಾ. ಚಿಕ್ಕವಳಿಗೆ ನಮ್ಮಮ್ಮನ್ನ ಕೇಳಿ ಹೇಳ್ತೀನಿ" ಎಂದಳು. ಹೆಸರಿಲ್ಲದೆ ನೀರು ಹಾಕುವುದಕ್ಕಾಗದು. ಎರ್ಮೆಲಿಂದಾ ಆವತ್ತು ಸೆಲ್ವಾಗೆ ಮಾತ್ರ ಹಾಕಿದಳು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬ್ಲಾಸಿಯಾ ಆಕೆಯನ್ನು ಕೊಮಾದ್ರೆ ಎಂದು ಕರೆದು, ಬಣ್ಣ ಹೋದ ಬೆರಳುಗಳಿಂದ ಕೈ ಹಿಡಿದುಕೊಂಡಳು.

ಶುಕ್ರವಾರ ಸೆಲ್ವಾಳ ಮೈ ಬೂದಿ ಬಣ್ಣಕ್ಕೆ ತಿರುಗಿತು. ಹಾಲು ನಿಂತಿತು, ಉಸಿರು ಮರೆತು ಮರೆತು ಬರತೊಡಗಿತು. ಶನಿವಾರ ಮಧ್ಯಾಹ್ನ ಹೋಯಿತು. ಡಾಕ್ಟರಮ್ಮ ಹಾಳೆಯಲ್ಲಿ ಬರೆದರು: ನಂಜು. ಬರೆದು ಪೆನ್ನನ್ನು ಮೇಜಿನ ಮೇಲೆ ಎಸೆದರು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಮುಖ್ಯಸ್ಥರು ಬಂದು ಹಳಬರ ಅಭಿಪ್ರಾಯ ಕೇಳಿದರು. ತಾಯಂದಿರನ್ನು ತಡೆಯುವುದು ಬೇಡವೆಂದು ಡಾಕ್ಟರಮ್ಮ ಹೇಳಿದರೂ ಎರ್ಮೆಲಿಂದಾ ಎದ್ದು ನಿಂತು, "ತಾಯಂದಿರನ್ನ ಹೊರಗಿಡಿ ಸ್ವಾಮಿ, ಎಲ್ಲ ಸರಿಹೋಗ್ತದೆ" ಎಂದಳು. ಹತ್ತು ಗಂಟೆಗೆ ಬಾಗಿಲಿಗೆ ಚೀಟಿ ಬಿತ್ತು: ತಾಯಂದಿರಿಗೆ ಪ್ರವೇಶವಿಲ್ಲ. ಮಗಳನ್ನು ಮಣ್ಣು ಮಾಡಿ ಊರಿಂದ ಬಂದ ಬ್ಲಾಸಿಯಾ ಓದಿದ್ದು ಆ ಚೀಟಿಯನ್ನು. ಅರ್ಧ ತೆರೆದ ಬಾಗಿಲಲ್ಲಿ ನಿಂತು ಎರ್ಮೆಲಿಂದಾಳ ಏಪ್ರನ್ ಹಿಡಿದುಕೊಂಡಳು.

"ಕೊಮಾದ್ರೆ, ನನ್ನ ಒಳಗೆ ಬಿಡ್ಬೇಡಿ, ಪರವಾಗಿಲ್ಲ. ಚಿಕ್ಕವಳಿಗೆ ನೀರು ಹಾಕಿಬಿಡಿ. ಹೆಸರು ತಂದಿದೀನಿ, ಲಿರಿಯಾ ಅಂತ. ಅಕ್ಕನ ಹಾಗೆ ಇದೂ ಹೋದ್ರೆ ನೀರಿಲ್ದೆ ಹೋಗಬಾರದು. ಈಗ್ಲೇ ಹಾಕಿ, ನಾನು ಇಲ್ಲಿಂದ್ಲೇ ನೋಡ್ತೀನಿ."

"ಅಳಬೇಡ, ಹಾಕ್ತೀನಿ" ಎಂದಳು ಎರ್ಮೆಲಿಂದಾ. ಕೈ ತೊಳೆದಳು, ಎರಡು ಸಲ. ಮೇಜಿನ ಹತ್ತಿರ ಹೋಗಿ ಸೀಸೆ ತೆಗೆದಿಟ್ಟು, ಹೆಸರು ಬರೆಯಲು ನೋಟ್‌ಬುಕ್ ಬಿಚ್ಚಿದಳು. ಹಿಂದಿನ ಸಾಲುಗಳಲ್ಲಿ ಸೆಲ್ವಾ, ಮಂಗಳವಾರ. ತಲೆ ಎತ್ತಿದರೆ ಎದುರು ಗೋಡೆಯ ಹಾಳೆಯಲ್ಲಿ ಸೆಲ್ವಾ, ಕಾಯಿಲೆ ಶುರು ಶುಕ್ರವಾರ. ಪಾಪ, ಎಂದುಕೊಂಡಳು. ಕಣ್ಣು ಹಾಳೆಯಲ್ಲಿ ಅದಕ್ಕೂ ಮೇಲಿನ ನಂಜಿನ ಸಾಲಿಗೆ ಹೋಯಿತು, ಆ ಹೆಸರನ್ನು ನೋಟ್‌ಬುಕ್ಕಿನಲ್ಲಿ ಹುಡುಕಿದಳು. ನೋಟ್‌ಬುಕ್ಕಿನಲ್ಲಿ ಸೆಪ್ಟೆಂಬರ್ ಹದಿನಾಲ್ಕು, ಗೋಡೆಯಲ್ಲಿ ಹದಿನೇಳು. ಅದರ ಮೇಲಿನದು ಆಗಸ್ಟ್ ಎರಡು, ಗೋಡೆಯಲ್ಲಿ ಐದು.

ನಾನು ಸಾಯುವ ಕೂಸಿಗೆ ತಾನೆ ನೀರು ಹಾಕುವುದು, ಸತ್ತವರೆಲ್ಲ ನನ್ನ ಪುಸ್ತಕದಲ್ಲಿರುವುದು ಸಹಜವೇ, ಎಂದು ಮನಸ್ಸು ತಕ್ಷಣ ವಕೀಲಿಕೆ ಮಾಡಿತು. ಆದರೆ ತಾರೀಖುಗಳು ಕೇಳಲಿಲ್ಲ. ಕಾಯಿಲೆ ಬಿದ್ದಮೇಲೆ ನೀರು ಹಾಕಿದ್ದಲ್ಲ. ನೀರು ಹಾಕಿದಮೇಲೆ ಕಾಯಿಲೆ ಬಿದ್ದದ್ದು. ಒಂದಲ್ಲ, ಎರಡಲ್ಲ, ಐದು. ಮತ್ತು ಆ ಕಡೆ ನಾಲ್ಕನೇ ಪೆಟ್ಟಿಗೆಯಲ್ಲಿ, ಹೆಸರಿಲ್ಲದ್ದರಿಂದ ನೀರು ಬೀಳದ ಒಂಬೈನೂರು ಗ್ರಾಮಿನ ಕೂಸು, ಯಾರೂ ಆಸೆ ಇಟ್ಟುಕೊಳ್ಳದ ಕೂಸು, ಗುಲಾಬಿ ಬಣ್ಣಕ್ಕಿದ್ದು ಕಾಲು ಝಾಡಿಸುತ್ತಿತ್ತು.

ಕಿರೀಟ ತಿರುಗಿಸಿದಳು. ಆರು ವರ್ಷದಲ್ಲಿ ಮೊದಲನೆಯ ಸಲ ಸೀಸೆಯನ್ನು ಮೂಗಿನ ಹತ್ತಿರ ಹಿಡಿದಳು. ನಿಂತ ಹೊಂಡದ ವಾಸನೆ. ಕಿರೀಟವನ್ನು ಬೆಳಕಿಗೆ ಹಿಡಿದು ಒಳಗೆ ಬೆರಳಾಡಿಸಿದಳು. ಬೆರಳಿಗೆ ಹಸಿರು ಲೋಳೆ ಹತ್ತಿತು.

ಬಾಗಿಲಲ್ಲಿ ಬ್ಲಾಸಿಯಾ ಕಾಯುತ್ತಿದ್ದಳು. "ಯಾಕೆ ಕೊಮಾದ್ರೆ?"

ಎರ್ಮೆಲಿಂದಾ ತಾನು ಮುಂದೆ ಮಾಡಿದ್ದನ್ನು ಹುಡುಗಿಯರಿಗೆ ಹೇಳುವಾಗ ಏನನ್ನೂ ಮುಚ್ಚಿಡುವುದಿಲ್ಲ. ಮೊದಲು ಹೊಳೆದದ್ದು ತೊಟ್ಟಿ. ಮೂರು ಹೆಜ್ಜೆ ದೂರ. ಚೆಲ್ಲಿ, ಸೀಸೆಯನ್ನು ಕಸಕ್ಕೆ ಹಾಕಿ, ನಾಳೆಯಿಂದ ಲೋಟದ ನೀರು ಬಳಸಿದರೆ ಮುಗಿಯಿತು. ಸಾವು ನಿಲ್ಲುತ್ತದೆ, ತಾಯಂದಿರನ್ನು ಹೊರಗಿಟ್ಟದ್ದರಿಂದ ನಿಂತಿತು ಎಂದು ಎಲ್ಲರೂ ತಿಳಿಯುತ್ತಾರೆ, ನ್ಯಾ ಸೋಪು ಹೇಳಿದ್ದೇ ಸರಿಯಾಯಿತು ಎನ್ನುತ್ತಾರೆ. "ಎರಡು ಹೆಜ್ಜೆ ಹಾಕಿದ್ದೆ ಕಣ್ರಮ್ಮ. ಸುಳ್ಳು ಹೇಳಲ್ಲ. ಮೂರನೇದು ಹಾಕ್ಬೇಕು ಅನ್ನೋವಾಗ ನೆನಪಾಯ್ತು, ನಿನ್ನೆ ತಾನೆ ಎರಡನೇ ಪೆಟ್ಟಿಗೆಗೂ ಏಳನೇ ಪೆಟ್ಟಿಗೆಗೂ ನೀರು ಹಾಕಿದೀನಿ ಅಂತ." ಆ ಎರಡು ಕೂಸುಗಳು ಇನ್ನೂ ಕಾಯಿಲೆ ಬಿದ್ದಿರಲಿಲ್ಲ. ಈಗಲೇ ಹೇಳಿದರೆ ಔಷಧಿ ಶುರುಮಾಡಬಹುದು. ಬುಧವಾರದ ತನಕ ಬಾಯಿ ಮುಚ್ಚಿಕೊಂಡರೆ ಗೋಡೆಯ ಹಾಳೆಯಲ್ಲಿ ಜಾಗ ಖಾಲಿಯಿತ್ತು.

ಸೀಸೆ ಹಿಡಿದು ಡಾಕ್ಟರಮ್ಮನ ಕೋಣೆಗೆ ಹೋದಳು.

"ಡಾಕ್ಟ್ರೇ, ಇದನ್ನೂ ಒರೆಸಿ ನೋಡಿ."

"ಏನ್ ನ್ಯಾ ಇದು? ಮಾತೆ ವಿಗ್ರಹಾನಾ?"

"ಸೀಸೆ. ನನ್ನದು. ಎಲ್ಲ ಒರೆಸಿದ್ರಿ, ಇದೊಂದು ಬಿಟ್ಟಿದ್ರಿ. ನೀವು ಬಿಟ್ಟಿದ್ದಲ್ಲ, ನಾನೇ ತೋರಿಸ್ಲಿಲ್ಲ. ತೋರಿಸ್ಬೇಕು ಅಂತ ಹೊಳೀಲೂ ಇಲ್ಲ." ನೋಟ್‌ಬುಕ್ ಬಿಚ್ಚಿ ತಾರೀಖುಗಳ ಮೇಲೆ ಬೆರಳಿಟ್ಟಳು. "ಎರಡಕ್ಕೂ ಏಳಕ್ಕೂ ನಿನ್ನೆ ಹಾಕಿದೀನಿ. ಬೇಗ ಏನಾದ್ರೂ ಮಾಡಿ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಎರ್ಮೆಲಿಂದಾಗೆ ಅನ್ನಿಸಿತು. ಅವರು ತಾರೀಖುಗಳನ್ನು ಎರಡು ಸಲ ಓದಿದರು. ಕೈಗವಸು ಹಾಕಿಕೊಂಡು ಮಾತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಟ್ಟಿದರು, ಆಮೇಲೆ ಓಡಿದರು. ಹಾಗೆ ಓಡಿದ್ದನ್ನು ಆಕೆ ಯಾವತ್ತೂ ನೋಡಿರಲಿಲ್ಲ.

ಸೀಸೆಯಲ್ಲೂ ಸೆಲ್ವಾಳ ರಕ್ತದಲ್ಲೂ ಇದ್ದದ್ದು ಒಂದೇ ಜೀವಾಣು ಎಂದು ಗುರುವಾರ ಲ್ಯಾಬಿನಿಂದ ಬಂತು. ಎರಡನೇ ಪೆಟ್ಟಿಗೆಯ ಕೂಸು ಔಷಧಿಯಿಂದ ಉಳಿಯಿತು. ಏಳನೆಯದು ಉಳಿಯಲಿಲ್ಲ.

ಡಾಕ್ಟರಮ್ಮ ಗೋಡೆಯ ಹಾಳೆಯಲ್ಲಿ ಆರು ಹೆಸರುಗಳ ಮುಂದೆ 'ಸೋಂಕಿನ ನೀರು' ಎಂದು ಬರೆಯುತ್ತಿದ್ದಾಗ ಎರ್ಮೆಲಿಂದಾ ಹಿಂದೆ ನಿಂತಿದ್ದಳು.

"ನನ್ನ ಹೆಸರು ಬರೀರಿ ಡಾಕ್ಟ್ರೇ. ನೀರಿಗೇನು ಗೊತ್ತಿತ್ತು?"

"ಇಲ್ಲಿ ಮನುಷ್ಯರ ಹೆಸರು ಬರೆಯೋ ಕಾಲಮ್ಮಿಲ್ಲ ನ್ಯಾ. ಇದ್ದಿದ್ರೆ ಹದಿಮೂರು ಕೂಸಿಗೆ ಎಂಟೇ ಪೆಟ್ಟಿಗೆ ಕೊಟ್ಟೋರ ಹೆಸರು ಮೊದ್ಲು ಬರೀತಿದ್ದೆ. ಒಬ್ಬ ನರ್ಸಿನ ತಲೆ ಮೇಲೆ ಹನ್ನೊಂದು ಕೂಸು ಹೊರಿಸಿದೋರ ಹೆಸರು ಆಮೇಲೆ. ನಿಮ್ಮ ಸರದಿ ಬರೋ ಹೊತ್ತಿಗೆ ಗೋಡೆ ಸಾಲ್ತಿರ್ಲಿಲ್ಲ."

ಒಳ್ಳೆಯ ಮಾತು. ಆದರೆ ಎರ್ಮೆಲಿಂದಾ ಅದರಿಂದ ಸಮಾಧಾನಪಟ್ಟುಕೊಂಡಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ವರ್ಷ ಸತ್ತವರ ಹಬ್ಬದ ದಿನ ಸ್ಮಶಾನದಲ್ಲಿ ಆ ಆರು ಹೆಸರಿಗೆ ಬಂದಾಗ ಓದು ಅಲ್ಲಿಗೇ ನಿಂತು, ಪಕ್ಕದ ಗೋರಿಗೆ ಬಂದಿದ್ದವರು ನೀರು ತಂದುಕೊಟ್ಟರು. ಆಕೆ ಆ ಲೋಟವನ್ನೂ ಮೊದಲು ಬೆಳಕಿಗೆ ಹಿಡಿದು ನೋಡಿದಳು.

ಬ್ಲಾಸಿಯಾಗೆ ಹೇಳಿದ್ದು ಆಸ್ಪತ್ರೆಯವರಲ್ಲ. ಮುಖ್ಯಸ್ಥರು ವಿಷಯ ಹೊರಗೆ ಹೋಗದಿರಲಿ ಎಂದಿದ್ದರು. ಎರ್ಮೆಲಿಂದಾ ಲ್ಯಾಬಿನ ಉತ್ತರ ಬಂದ ಆ ಗುರುವಾರ ಮಧ್ಯಾಹ್ನವೇ ಹೊರಗಿನ ಮಾವಿನ ಮರದ ಕೆಳಗೆ ಕೂತಿದ್ದ ಬ್ಲಾಸಿಯಾಳ ಎದುರು ನಿಂತು ಎಲ್ಲವನ್ನೂ ಹೇಳಿದಳು. ಕೂರುವ ಧೈರ್ಯ ಬರಲಿಲ್ಲ.

"ಸೆಲ್ವಾಗೂ ಅದೇ ಸೀಸೇನಾ?"

"ಅದೇ."

"ನನ್ನ ಉಗುರು ಉಜ್ಜಿದ್ರಲ್ಲ ನೀವು. ರಕ್ತ ಬರೋ ಹಾಗೆ ಉಜ್ಜಿದ್ರಿ."

"ಹೌದು."

"ನಮ್ಮನ್ನ ಹೊರಗೆ ಹಾಕ್ಸಿದ್ರಿ."

"ಹೌದಮ್ಮ."

ಬ್ಲಾಸಿಯಾ ಎದ್ದು ವಾರ್ಡಿನ ಬಾಗಿಲ ಕಡೆಗೆ ನಡೆದಳು. ಬಾಗಿಲಿನ ಚೀಟಿ ಆ ಸಂಜೆಯೇ ಹೋಯಿತು, ತಾಯಂದಿರು ಒಳಗೆ ಬಂದರು. ಎರ್ಮೆಲಿಂದಾ ಹೊರಗೆ ಹೋದಳು. ಮುಖ್ಯಸ್ಥರು ಆಕೆಯನ್ನು ಮತ್ತೆ ಬಟ್ಟೆ ಒಗೆಯುವ ಕಡೆಗೆ ಹಾಕಿದರು. "ಹದಿನಾರು ವರ್ಷ ಮೇಲೆ ಹತ್ತಿ, ಒಂದೇ ದಿನದಲ್ಲಿ ಕೆಳಗಿಳಿದೆ. ಅಲ್ಲಿ ಸೋಪಿಗೇನೂ ಬರ ಇರ್ಲಿಲ್ಲ" ಎನ್ನುತ್ತಾಳೆ. ಡಾಕ್ಟರಮ್ಮ ಹಠ ಹಿಡಿದು ವಾಪಸ್ ಕರೆಸಿಕೊಂಡದ್ದು ಮುಂದಿನ ವರ್ಷ. ಅದು ಬೇರೆ ಮಾತು. ಅಲ್ಲಿಯವರೆಗೆ ಆಕೆ ಎಳೆಗೂಸುಗಳ ವಾರ್ಡಿನ ಚಿಕ್ಕ ಚಿಕ್ಕ ಹಾಸುಬಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದುತ್ತ, ಯಾವುದು ಲಿರಿಯಾಳದು ಇರಬಹುದು ಎಂದು ನೋಡುತ್ತಿದ್ದಳು. ಕೂಸು ಸಾವಿರದ ಇನ್ನೂರಾಯಿತು, ಸಾವಿರದ ಐನೂರಾಯಿತು ಎಂಬ ಸುದ್ದಿಗಳು ಕೊಳೆ ಬಟ್ಟೆ ತರುವವರ ಬಾಯಲ್ಲಿ ಬರುತ್ತಿದ್ದವು.

ಡಿಸೆಂಬರಿನಲ್ಲಿ ಒಂದು ದಿನ ಹತ್ತು ಗಂಟೆಯ ಹೊತ್ತಿಗೆ ಒಗೆಯುವ ಕಟ್ಟೆಯ ಹತ್ತಿರ ಬ್ಲಾಸಿಯಾ ಬಂದು ನಿಂತಳು. ತೋಳಿನಲ್ಲಿ ಬಿಳಿ ಬಟ್ಟೆ ಸುತ್ತಿದ ಕೂಸು. ಹೆಗಲಲ್ಲಿ ಊರಿಗೆ ಹೊರಟ ಚೀಲ. ಹಿಂದೆ ಡಾಕ್ಟರಮ್ಮ.

"ಇವತ್ತು ಮನೆಗೆ ಬಿಟ್ರು" ಎಂದಳು ಬ್ಲಾಸಿಯಾ. "ಎರಡು ಕಿಲೋ ಆಗಿದಾಳೆ. ನಮ್ಮೂರಿಗೆ ಪಾದ್ರಿ ಬರೋದು ವರ್ಷಕ್ಕೊಂದ್ಸಲ. ನೀರು ಹಾಕಿಸ್ಕೊಂಡೇ ಹೋಗ್ಬೇಕು."

ಎರ್ಮೆಲಿಂದಾ ಒದ್ದೆ ಕೈಗಳನ್ನು ಹಿಂದಕ್ಕೆ ಅಡಗಿಸಿದಳು. "ಇಲ್ಲೇ ದೇವಾಲಯದಲ್ಲಿ ಪಾದ್ರಿ ಇದಾರಲ್ಲಮ್ಮ."

"ಇದಾರೆ. ನಾನು ನಿಮ್ಮ ಹತ್ರ ಬಂದಿದೀನಿ. ಕ್ಷಮಿಸಿಬಿಟ್ಳು ಅಂದ್ಕೋಬೇಡಿ. ಎಷ್ಟೋ ದಿನ ನಿಮ್ಮ ಜುಟ್ಟು ಹಿಡ್ಕೊಂಡು ಈ ತೊಟ್ಟಿಗೆ ಅದ್ದಬೇಕು ಅನ್ನಿಸ್ತು. ಆದ್ರೆ ನೀವು ಸೆಲ್ವಾನ ಧರ್ಮತಾಯಿ. ಕೊಮಾದ್ರೆ ಜೊತೆ ಜಗಳ ಆಡೋ ಹಾಗಿಲ್ಲ, ಏನ್ ಮಾಡ್ಲಿ? ಪ್ರತಿ ನವೆಂಬರಲ್ಲೂ ನೀವು ಸೆಲ್ವಾ ಹೆಸರು ಓದ್ತೀರಿ. ಇವಳು ಬೆಳೆದ ಮೇಲೆ ಇವಳಿಗೂ ನೀವೇ ಹೇಳ್ಬೇಕು, ಅಕ್ಕ ಯಾಕೆ ಇಲ್ಲ ಅಂತ. ನನ್ನ ಕೈಲಿ ಆಗಲ್ಲ. ಅದಕ್ಕೆ ಇಬ್ಬರಿಗೂ ನೀವೇ ಇರಿ."

ಡಾಕ್ಟರಮ್ಮ ಕೋಟಿನ ಜೇಬಿನಿಂದ ಚುಚ್ಚುಮದ್ದಿಗೆ ಬೆರೆಸುವ ಶುದ್ಧ ನೀರಿನ ಪುಟ್ಟ ಗಾಜಿನ ಸೀಸೆ ತೆಗೆದರು. ಅದರ ಬಾಯಿ ಇನ್ನೂ ಮುರಿದಿರಲಿಲ್ಲ. ಅದರ ಮೇಲೆ ಕಿರೀಟವೂ ಇರಲಿಲ್ಲ, ಏನೂ ಇರಲಿಲ್ಲ. ಎರ್ಮೆಲಿಂದಾ ತೆಗೆದುಕೊಳ್ಳಲು ಕೈ ಚಾಚಿದಳು.

"ಮೊದ್ಲು ಕೈ ತೊಳ್ಕೊಂಡು ಬನ್ನಿ" ಎಂದಳು ಬ್ಲಾಸಿಯಾ.

ಎರ್ಮೆಲಿಂದಾ ನಲ್ಲಿ ತಿರುಗಿಸಿ ಮೊಣಕೈವರೆಗೆ ಸೋಪು ಹಚ್ಚಿದಳು. ಬ್ಲಾಸಿಯಾ ಕೂಸನ್ನು ಎದೆಗೆ ಒತ್ತಿಕೊಂಡು ಹತ್ತಿರ ಬಂದು, ತಲೆ ಬಗ್ಗಿಸಿ, ಆ ಕೈಗಳನ್ನು ಬೆರಳು ಬೆರಳಾಗಿ ನೋಡಿದಳು.

"ಉಗುರಿನ ಸಂದಿ ಬಿಟ್ರಿ ಕೊಮಾದ್ರೆ. ಇನ್ನೊಂದ್ಸಲ."

ಎರ್ಮೆಲಿಂದಾ ಇನ್ನೊಂದು ಸಲ ತೊಳೆದಳು.